ಲೀಡ್ಸ್‌ನ ಶನಿವಾರ: ಚಿಪ್ಸ್ ಅಂಗಡಿಯ ಸಾಲು, ಮೂರು ಗಂಟೆಯ ಆಟ, ಗಿರಣಿಯ ಹೊತ್ತು

ಮಂಡಿಪೇಟೆ ಹುಡುಗ (ಲೀಡ್ಸ್)

ಎಲ್ಲರಿಗೂ ನಮಸ್ಕಾರ. ಲೀಡ್ಸ್‌ಗೆ ಬಂದು ಒಂಬತ್ತು ವರ್ಷ ಆಯ್ತು. ಇಂಗ್ಲೆಂಡ್ ಅಂದ ಕೂಡಲೇ ನಮ್ಮವರು ಲಂಡನ್ ಬಗ್ಗೆಯೇ ಕೇಳುತ್ತಾರೆ. ಉತ್ತರದ ಈ ಊರುಗಳ ಬಗ್ಗೆ ಕನ್ನಡದಲ್ಲಿ ಬರೆಯುವವರು ಕಡಿಮೆ. ನನಗೆ ಈ ಊರು ತುಂಬಾ ಇಷ್ಟ. ಅದಕ್ಕೇ ಈ ಎಳೆ ಶುರು ಮಾಡುತ್ತಿದ್ದೇನೆ.

ನಮ್ಮಪ್ಪ ದಾವಣಗೆರೆಯ ಬಟ್ಟೆ ಮಿಲ್ಲಿನಲ್ಲಿ ಕೆಲಸಕ್ಕಿದ್ದರು. ಮನೆಯಲ್ಲಿ ಊಟದ ಹೊತ್ತು, ನೆಂಟರ ಮನೆಗೆ ಹೋಗುವ ಹೊತ್ತು, ನಾವು ಗಲಾಟೆ ಮಾಡಬಾರದ ಹೊತ್ತು, ಎಲ್ಲ ಅಪ್ಪನ ಪಾಳಿ ನೋಡಿಕೊಂಡೇ. ಮಿಲ್ಲಿನ ಸೈರನ್ ಕೂಗಿದರೆ ಅಮ್ಮ ರೊಟ್ಟಿ ಹಂಚು ಒಲೆ ಮೇಲೆ ಇಡುತ್ತಿದ್ದರು.

ಲೀಡ್ಸ್ ಕೂಡ ಅಂಥದ್ದೇ ಊರು. ಉಣ್ಣೆ, ನಾರು, ಆಮೇಲೆ ಸಿದ್ಧ ಉಡುಪು. ಈಗ ಗಿರಣಿಗಳು ಹೆಚ್ಚು ಕಮ್ಮಿ ಎಲ್ಲ ಮುಚ್ಚಿವೆ. ಕಟ್ಟಡಗಳು ಫ್ಲ್ಯಾಟು, ಆಫೀಸು, ಮ್ಯೂಸಿಯಂ ಆಗಿವೆ. ಆದರೆ ಊರಿನವರು ಇನ್ನೂ ಗಿರಣಿಯ ಹೊತ್ತಿಗೇ ಉಣ್ಣುತ್ತಾರೆ, ಗಿರಣಿಯ ಹೊತ್ತಿಗೇ ಆಡುತ್ತಾರೆ. ಇದು ನನಗೆ ಅರ್ಥ ಆಗೋಕೆ ಎರಡು ಮೂರು ವರ್ಷ ಬೇಕಾಯ್ತು.

ಮೊದಲು ಊಟ. ಇಲ್ಲಿ ಹಳಬರು ಮಧ್ಯಾಹ್ನದ ಊಟಕ್ಕೆ ಡಿನ್ನರ್ ಅನ್ನುತ್ತಾರೆ. ಸಂಜೆಯ ಊಟಕ್ಕೆ ಟೀ ಅನ್ನುತ್ತಾರೆ. ಹೊಸದರಲ್ಲಿ ಜೊತೆ ಕೆಲಸ ಮಾಡುವವರೊಬ್ಬರು, ಐದೂವರೆಗೆ ಟೀಗೆ ಬಾ ಅಂದರು. ಬಿಸ್ಕತ್ತು, ಚಹಾ ಇರುತ್ತೆ ಅಂದುಕೊಂಡು ಹೋದೆ. ಟೇಬಲ್ ಮೇಲೆ ಆಲೂಗಡ್ಡೆ, ಬಟಾಣಿ, ಗ್ರೇವಿ, ಯಾರ್ಕ್‌ಷೈರ್ ಪುಡ್ಡಿಂಗ್ (ಸಿಹಿ ಅಲ್ಲ, ಹಿಟ್ಟು ಮೊಟ್ಟೆ ಕಲಸಿ ಉಬ್ಬಿಸಿ ಬೇಯಿಸಿದ್ದು), ಪೂರ್ತಿ ಊಟ! ಗಿರಣಿಯಿಂದ ಹಸಿದು ಬಂದವರು ಎಂಟು ಗಂಟೆ ತನಕ ಕಾಯೋಕೆ ಆಗುತ್ತಾ? ಬಂದ ಕೂಡಲೇ ಗಟ್ಟಿ ಊಟ, ಜೊತೆಗೆ ಚಹಾ. ಹಾಗೆ ಊಟಕ್ಕೇ ಟೀ ಅಂತ ಹೆಸರು ನಿಂತಿತು.

ಆಮೇಲೆ ಆಟ. ಫುಟ್‌ಬಾಲ್ ಯಾಕೆ ಶನಿವಾರ ಮಧ್ಯಾಹ್ನ ಮೂರು ಗಂಟೆಗೇ? 1850ರ ಕಾರ್ಖಾನೆ ಕಾಯ್ದೆ ಬಂದಾಗ, ಬಟ್ಟೆ ಗಿರಣಿಯಲ್ಲಿ ಹೆಂಗಸರು, ಹುಡುಗರು ಶನಿವಾರ ಎರಡು ಗಂಟೆ ಮೇಲೆ ಕೆಲಸ ಮಾಡುವಂತಿಲ್ಲ ಅಂತ ಆಯ್ತು. ಅವರಿಲ್ಲದೆ ಮಗ್ಗ ಓಡುತ್ತಿರಲಿಲ್ಲ. ಹಾಗಾಗಿ ಗಂಡಸರಿಗೂ ಅರ್ಧ ದಿನ ರಜೆ ಸಿಕ್ಕಿತು. ಎರಡಕ್ಕೆ ಗಿರಣಿ ಬಿಟ್ಟರೆ ಮೂರಕ್ಕೆ ಮೈದಾನ. ವಾರ ಪೂರ್ತಿ ದುಡಿದವರಿಗೆ ತಮ್ಮದು ಅಂತ ಸಿಕ್ಕಿದ ಮೊದಲ ಮಧ್ಯಾಹ್ನ ಅದು.

ಇನ್ನೊಂದು ಸಂಗತಿ ಕೇಳಿ. ಶನಿವಾರ 2:45ರಿಂದ 5:15ರ ತನಕ ಬ್ರಿಟನ್‌ನ ಟಿವಿಯಲ್ಲಿ ಫುಟ್‌ಬಾಲ್ ಪಂದ್ಯ ನೇರ ಪ್ರಸಾರ ಮಾಡುವಂತಿಲ್ಲ. 1960ರ ದಶಕದಿಂದ ಈ ಪದ್ಧತಿ ಇದೆ. ದೊಡ್ಡ ಕ್ಲಬ್ಬಿನ ಆಟ ಮನೆಯಲ್ಲೇ ಸಿಕ್ಕಿದರೆ ಪಕ್ಕದ ಸಣ್ಣ ಮೈದಾನಕ್ಕೆ ಯಾರೂ ಹೋಗಲ್ಲ ಅನ್ನೋದು ಕಾರಣ. ಚಳಿಗಾಲದಲ್ಲಿ ಇಲ್ಲಿ ಮೂರು ಗಂಟೆ ಅಂದರೆ ನಮ್ಮೂರಲ್ಲಿ ರಾತ್ರಿ ಎಂಟೂವರೆ. ಲೀಡ್ಸ್ ಯುನೈಟೆಡ್ ಫುಟ್‌ಬಾಲ್ ಕ್ಲಬ್ಬಿನ ಎಲ್ಲಂಡ್ ರೋಡ್ ಮೈದಾನ ನನ್ನ ಮನೆಯಿಂದ ಎರಡು ಮೈಲಿ. ಅಲ್ಲಿ ಮೂರು ಗಂಟೆಗೆ ನಡೆಯುವ ಆಟವನ್ನು ದಾವಣಗೆರೆಯಲ್ಲಿ ತಮ್ಮ ನೇರ ನೋಡುತ್ತಾನೆ, ನನಗೆ ಟಿವಿಯಲ್ಲಿ ಸಿಗಲ್ಲ. ಆದರೂ ಈ ಪದ್ಧತಿ ಇರಲಿ ಅನ್ನೋದೇ ನನ್ನ ಆಸೆ. ಮಳೆಯಲ್ಲಿ ಮುನ್ನೂರು ಜನ ನಿಂತು ನೋಡುವ ಆಟಕ್ಕೂ ಒಂದು ಗೌರವ ಇರಬೇಕು.

ನಿಮ್ಮ ಊರಿನ ಶನಿವಾರ ಹೇಗಿರುತ್ತೆ? ಬರೆಯಿರಿ.

ಹೊಸ ವಿದ್ಯಾರ್ಥಿ (ಲೀಡ್ಸ್, ಹುಬ್ಬಳ್ಳಿ ಕಡೆ)

ಅಣ್ಣಾ, ಸೆಪ್ಟೆಂಬರ್‌ನಲ್ಲಿ ಬಂದೆ. ನನಗೊಂದು ನೋವಿನ ವಿಷಯ ಕೇಳಬೇಕು. ನಾನು ಹುಟ್ಟಿನಿಂದ ಸಸ್ಯಾಹಾರಿ. ರೂಮಿನ ಹತ್ತಿರದ ಅಂಗಡಿಯಲ್ಲಿ ವಾರಕ್ಕೆರಡು ಸಲ ಚಿಪ್ಸ್ (ಇಲ್ಲಿ ಚಿಪ್ಸ್ ಅಂದರೆ ಉದ್ದುದ್ದ ಹೆಚ್ಚಿ ಬಿಸಿಬಿಸಿ ಕರಿದ ಆಲೂಗಡ್ಡೆ) ತಿನ್ನುತ್ತಿದ್ದೆ. ಆಲೂಗಡ್ಡೆ ತಾನೇ ಅಂತ. ಎರಡು ತಿಂಗಳಾದ ಮೇಲೆ ಗೋಡೆ ಮೇಲಿನ ಸಣ್ಣ ಬೋರ್ಡ್ ಓದಿದೆ. ದನದ ಕೊಬ್ಬಿನಲ್ಲಿ ಕರಿಯುತ್ತಾರಂತೆ. ಆ ದಿನ ಊಟ ಸೇರಲಿಲ್ಲ. ಅವ್ವನಿಗೆ ಇನ್ನೂ ಹೇಳಿಲ್ಲ. ಎಲ್ಲ ಕಡೆ ಹೀಗೇನಾ?

ಬ್ರಾಡ್‌ಫರ್ಡ್ ಅಕ್ಕ

ತಮ್ಮಾ, ಮೊದಲು ಮನಸ್ಸು ಸಮಾಧಾನ ಮಾಡ್ಕೋ. ಗೊತ್ತಿಲ್ಲದೆ ಆಗಿದ್ದು. ಇಲ್ಲಿಗೆ ಬಂದ ಎಷ್ಟೋ ಜನರಿಗೆ ಹೀಗೇ ಆಗಿದೆ. ಇಪ್ಪತ್ತೊಂದು ವರ್ಷದ ಹಿಂದೆ ನನಗೂ ಆಗಿತ್ತು.

ಎಲ್ಲ ಕಡೆ ಹೀಗಲ್ಲ. ದಕ್ಷಿಣ ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿ ಸಸ್ಯದ ಎಣ್ಣೆ. ಆದರೆ ಯಾರ್ಕ್‌ಷೈರ್‌ನಲ್ಲಿ, ಅಂದರೆ ಲೀಡ್ಸ್, ಬ್ರಾಡ್‌ಫರ್ಡ್ ಇರುವ ನಮ್ಮ ಸೀಮೆಯಲ್ಲಿ, ಹಳೆ ಅಂಗಡಿಯವರು ಡ್ರಿಪ್ಪಿಂಗ್ ಬಿಡಲ್ಲ. ಡ್ರಿಪ್ಪಿಂಗ್ ಅಂದರೆ ದನದ ಕೊಬ್ಬು ಕರಗಿಸಿ ಮಾಡಿದ್ದು. ಅದರಲ್ಲಿ ಕರಿದರೇ ರುಚಿ ಅನ್ನೋದು ಅವರ ನಂಬಿಕೆ. ಅವರ ಪಾಲಿಗೆ ಅದು ನಮ್ಮ ಬೆಣ್ಣೆ ದೋಸೆಯ ಬೆಣ್ಣೆ ಇದ್ದ ಹಾಗೆ. ಮೋಸ ಮಾಡಬೇಕು ಅಂತ ಯಾರೂ ಮುಚ್ಚಿಡಲ್ಲ. ಒಳಗೆ ಹೋದ ಕೂಡಲೇ, ಯಾವುದರಲ್ಲಿ ಕರೀತೀರಿ ಅಂತ ಕೇಳು. ನಮ್ಮ ಬೀದಿಯ ಅಂಗಡಿಯಲ್ಲಿ ಸಸ್ಯದ ಎಣ್ಣೆ. ಪಕ್ಕದ ಬೀದಿಯಲ್ಲಿ ಡ್ರಿಪ್ಪಿಂಗ್. ಸಸ್ಯದ ಎಣ್ಣೆ ಅಂದರೂ ಮೀನು ಅದೇ ಬಾಣಲೆಯಲ್ಲಿ ಕರಿದಿರಬಹುದು, ಅದನ್ನೂ ಕೇಳು. ಕೇಳಿದರೆ ಯಾರೂ ಬೇಜಾರು ಮಾಡ್ಕೊಳ್ಳಲ್ಲ.

ಗ್ರೇವಿ ವಿಷಯದಲ್ಲೂ ಹುಷಾರು. ಉತ್ತರದಲ್ಲಿ ಚಿಪ್ಸ್ ಮೇಲೆ ಗ್ರೇವಿ ಸುರಿದುಕೊಳ್ಳುತ್ತಾರೆ, ಅದರಲ್ಲಿ ಮಾಂಸದ ರಸ ಇರಬಹುದು. ಮಶಿ ಪೀಸ್ ಅಂತ ಬೇಯಿಸಿ ನುಣ್ಣಗೆ ಮಾಡಿದ ಬಟಾಣಿ ಕೊಡುತ್ತಾರೆ. ಅದು ಸಾಮಾನ್ಯವಾಗಿ ಬರೀ ಬಟಾಣಿ, ನಮ್ಮ ನಾಲಿಗೆಗೆ ಹಿಡಿಸುತ್ತೆ. ಮೇಲೆ ಸ್ವಲ್ಪ ಉಪ್ಪು, ವಿನೆಗರ್.

ಮೀನು ತಿನ್ನುವವರಿಗೆ: ಇಲ್ಲಿ ಹ್ಯಾಡಕ್ ಕೇಳಬೇಕು. ಕಾಡ್ ದಕ್ಷಿಣದವರ ಮೀನು. ಮಕ್ಕಳು ಕೌಂಟರ್ ಹತ್ತಿರ ನಿಂತು ಸ್ಕ್ರ್ಯಾಪ್ಸ್ ಕೇಳುತ್ತಾರೆ. ಎಣ್ಣೆಯಲ್ಲಿ ಉದುರಿ ಗರಿಗರಿಯಾದ ಹಿಟ್ಟಿನ ಚೂರು. ಸುಮ್ನೆ ಚಿಪ್ಸ್ ಮೇಲೆ ಹಾಕಿಕೊಡುತ್ತಾರೆ. ನಾವು ಬಜ್ಜಿ ಗಾಡಿಯವನ ಹತ್ತಿರ ಪುಡಿ ಕೇಳುತ್ತಿದ್ದೆವು ಅಲ್ವಾ, ಹಾಗೇ.

ಲಂಡನ್‌ನಿಂದ ಒಬ್ಬ

ಬರಹ ಚೆನ್ನಾಗಿದೆ. ಆದರೆ ಎಲ್ಲದಕ್ಕೂ ಗಿರಣಿಯೇ ಕಾರಣ ಅಂದರೆ ಒಪ್ಪಲ್ಲ. ಮೀನು ಕರಿಯುವುದನ್ನು ಈ ದೇಶಕ್ಕೆ ತಂದವರು ಸ್ಪೇನ್, ಪೋರ್ಚುಗಲ್ ಕಡೆಯಿಂದ ಓಡಿಬಂದ ಯಹೂದಿಗಳು. 1860ರ ದಶಕದಲ್ಲಿ ಲಂಡನ್ನಿನ ಪೂರ್ವ ಭಾಗದಲ್ಲಿ ಜೋಸೆಫ್ ಮಾಲಿನ್ ಅನ್ನುವವರು ಮೀನು, ಚಿಪ್ಸ್ ಎರಡನ್ನೂ ಒಟ್ಟಿಗೆ ಮಾರಿದರು ಅನ್ನುತ್ತಾರೆ. ಲ್ಯಾಂಕಷೈರ್‌ನವರು ಮಾಸ್ಲಿ ಊರಿನ ಜಾನ್ ಲೀಸ್ ಹೆಸರು ಹೇಳುತ್ತಾರೆ. ಆ ಜಗಳ ಇನ್ನೂ ಮುಗಿದಿಲ್ಲ. ನೀವು ವಲಸೆ ಬಂದವರ ಪಾಲನ್ನು ಮರೆತಿರಿ ಅಂತ ನನಗೆ ಅನ್ನಿಸಿತು.

ಮಂಡಿಪೇಟೆ ಹುಡುಗ (ಲೀಡ್ಸ್)

ಸರ್, ನೀವು ಹೇಳಿದ್ದು ಸರಿ. ವಲಸೆ ಬಂದವರನ್ನು ಬಿಟ್ಟರೆ ಲೀಡ್ಸ್‌ನ ಕಥೆಯೇ ಇಲ್ಲ. ನಾನು ತರಕಾರಿ ತರುವ ಕರ್ಕ್‌ಗೇಟ್ ಮಾರ್ಕೆಟ್ಟಿನಲ್ಲೇ 1884ರಲ್ಲಿ ಮೈಕಲ್ ಮಾರ್ಕ್ಸ್ ಸಣ್ಣ ಅಂಗಡಿ ಇಟ್ಟರು. ಈಗಿನ ಬೆಲಾರುಸ್ ಕಡೆಯಿಂದ ಬಂದ ಯಹೂದಿ. ಇಂಗ್ಲಿಷ್ ಅಷ್ಟಾಗಿ ಬರುತ್ತಿರಲಿಲ್ಲ. ಬೆಲೆ ಕೇಳಬೇಡಿ, ಒಂದು ಪೆನ್ನಿ ಅಂತ ಬೋರ್ಡ್ ಹಾಕಿದರು. ಅದೇ ಮುಂದೆ ಈ ದೇಶದ ದೊಡ್ಡ ಅಂಗಡಿ ಸರಣಿ ಮಾರ್ಕ್ಸ್ ಅಂಡ್ ಸ್ಪೆನ್ಸರ್ ಆಯ್ತು. ಇಂದಿಗೂ ಆ ಮಾರ್ಕೆಟ್ಟಿನ ಹೊರಗೆ ಒಂದು ಬಟ್ಟಲು ಹಣ್ಣು ಇಷ್ಟು ಅಂತ ಕೂಗಿ ಮಾರುತ್ತಾರೆ. ತೂಕ ಇಲ್ಲ. ನಮ್ಮ ಸಂತೆಯ ಗುಡ್ಡೆ ಲೆಕ್ಕ.

ಆದರೆ ಮೀನು ಮತ್ತು ಚಿಪ್ಸ್ ಬೀದಿಬೀದಿಗೆ ಬಂದಿದ್ದು ಹೆಂಗಸರೂ ಗಿರಣಿಗೆ ಹೋಗುತ್ತಿದ್ದ ಊರುಗಳಲ್ಲಿ. ಹತ್ತು ಗಂಟೆ ದುಡಿದು ಬಂದವಳು ಮತ್ತೆ ಒಲೆ ಹಚ್ಚಬೇಕಾ? ನಾಲ್ಕು ಕಾಸಿಗೆ ಬಿಸಿ ಊಟ ಸಿಕ್ಕಿತು. ಎರಡನೇ ಮಹಾಯುದ್ಧದಲ್ಲಿ ಮಾಂಸ, ಬೆಣ್ಣೆ, ಸಕ್ಕರೆ ಎಲ್ಲಕ್ಕೂ ರೇಷನ್ ಬಂದರೂ ಮೀನು ಮತ್ತು ಚಿಪ್ಸ್‌ಗೆ ಸರಕಾರ ರೇಷನ್ ಹಾಕಲಿಲ್ಲ.

ಗಿರಣಿಯ ಗುರುತು ಎಲ್ಲಕ್ಕಿಂತ ಜಾಸ್ತಿ ಇರುವುದು ರಗ್ಬಿಯಲ್ಲಿ. ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಈ ಆಟದಲ್ಲಿ ಲೀಗ್, ಯೂನಿಯನ್ ಅಂತ ಎರಡು ಬಗೆ ಯಾಕೆ ಅಂತ ನಮ್ಮವರು ಕೇಳುತ್ತಾರೆ. ಶನಿವಾರ ಬೆಳಿಗ್ಗೆ ಗಣಿ, ಗಿರಣಿ ಬಿಟ್ಟು ಆಡಲು ಹೋದರೆ ಕೂಲಿ ಹೋಗುತ್ತಿತ್ತು. ಆ ಹೋದ ಕೂಲಿಯನ್ನು ತುಂಬಿಕೊಡಿ ಅಂತ ಉತ್ತರದ ಕ್ಲಬ್ಬುಗಳು ಕೇಳಿದವು. ಹಣಕ್ಕೆ ಆಡುವವರು ನಮಗೆ ಬೇಡ ಅಂತ ಲಂಡನ್ನಿನಲ್ಲಿದ್ದ ಮೇಲಿನವರು ಅಂದರು. 1895ರ ಆಗಸ್ಟ್ 29ರಂದು ಹಡರ್ಸ್‌ಫೀಲ್ಡ್‌ನ ಜಾರ್ಜ್ ಹೋಟೆಲ್‌ನಲ್ಲಿ ಸೇರಿ, ಇಪ್ಪತ್ತಕ್ಕೂ ಹೆಚ್ಚು ಕ್ಲಬ್ಬುಗಳು ಬೇರೆಯಾದವು. ಕೇಳಿದ್ದು ಎಷ್ಟು? ದಿನಕ್ಕೆ ಆರು ಶಿಲ್ಲಿಂಗ್ ತನಕ. ಅದೇ ಇವತ್ತಿನ ರಗ್ಬಿ ಲೀಗ್, 13 ಜನರ ಆಟ. 15 ಜನರ ಯೂನಿಯನ್ ಆಟಗಾರರಿಗೆ ಬಹಿರಂಗವಾಗಿ ಹಣ ಕೊಡಲು ಒಪ್ಪಿದ್ದು 1995ರಲ್ಲಿ. ಪೂರಾ ನೂರು ವರ್ಷ! ನಮ್ಮಪ್ಪನಿಗೆ ಈ ಕಥೆ ಫೋನಿನಲ್ಲಿ ಹೇಳಿದೆ. ಅವರಿಗೆ ರಗ್ಬಿ ಗೊತ್ತಿಲ್ಲ. ಆದರೆ ಒಂದು ದಿನದ ಕೂಲಿ ಹೋದರೆ ಏನಾಗುತ್ತೆ ಅನ್ನೋದು ಗೊತ್ತು. ತುಂಬಾ ಹೊತ್ತು ಸುಮ್ಮನಿದ್ದರು.

ನಮ್ಮೂರಿನ ರಗ್ಬಿ ಲೀಗ್ ತಂಡ ಲೀಡ್ಸ್ ರೈನೋಸ್‌ನ ರಾಬ್ ಬರೋ ಬಗ್ಗೆ ಹೇಳದೆ ಇರಲಾರೆ. ಐದು ಅಡಿ ಐದು ಇಂಚಿನ ಮನುಷ್ಯ. ತನಗಿಂತ ಎರಡರಷ್ಟು ತೂಕದವರ ನಡುವೆ ನುಗ್ಗಿ ಓಡುತ್ತಿದ್ದರು. 2019ರಲ್ಲಿ ನರಗಳನ್ನು ತಿಂದುಹಾಕುವ ಮೋಟಾರ್ ನ್ಯೂರಾನ್ ಕಾಯಿಲೆ ಅಂತ ಗೊತ್ತಾಯ್ತು. ಗೆಳೆಯ ಕೆವಿನ್ ಸಿನ್‌ಫೀಲ್ಡ್ ಆ ಕಾಯಿಲೆಯವರಿಗಾಗಿ ಮತ್ತೆ ಮತ್ತೆ ಓಡಿ ಹಣ ಕೂಡಿಸಿದರು. 2023ರ ಮೇ ತಿಂಗಳ ಲೀಡ್ಸ್ ಮ್ಯಾರಥಾನ್‌ನಲ್ಲಿ ಗೆಳೆಯನನ್ನು ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಓಡಿದರು. ಕೊನೆಯ ಗೆರೆಯ ಹತ್ತಿರ ನಿಲ್ಲಿಸಿ, ಎರಡೂ ಕೈಯಲ್ಲಿ ಎತ್ತಿಕೊಂಡು ದಾಟಿದರು. 2024ರ ಜೂನ್ 2ರಂದು ಬರೋ ತೀರಿಕೊಂಡರು. ಆ ವಾರ ಊರಿನ ಬಸ್‌ಸ್ಟಾಪಿನಲ್ಲಿ ಗುರುತಿಲ್ಲದವರು ಕೂಡ ಅವರ ಬಗ್ಗೆಯೇ ಮಾತಾಡುತ್ತಿದ್ದರು. ಆಗ ನನಗೆ ಇದು ನನ್ನ ಊರು ಅನ್ನಿಸಿತು.

ವೇಕ್‌ಫೀಲ್ಡ್ ವೈದ್ಯ (ಶಿವಮೊಗ್ಗ)

ಲೀಡ್ಸ್‌ನ ಹೆಡಿಂಗ್ಲಿ ಮೈದಾನದ ಮಾತು ಇನ್ನೂ ಯಾರೂ ಎತ್ತಿಲ್ಲವಲ್ಲ! ರಗ್ಬಿ ಲೀಗ್ ಮತ್ತು ಕ್ರಿಕೆಟ್ ಬೆನ್ನಿಗೆ ಬೆನ್ನು ಹಚ್ಚಿಕೊಂಡಿರುವ ಜಾಗ. ಒಂದೇ ಸ್ಟ್ಯಾಂಡಿನ ಈ ಕಡೆ ಕುಳಿತರೆ ಕ್ರಿಕೆಟ್, ಆ ಕಡೆ ಕುಳಿತರೆ ರಗ್ಬಿ.

2002ರ ಆಗಸ್ಟ್‌ನಲ್ಲಿ ನಾನು ಇಲ್ಲಿ ಹೊಸಬ. ಭಾರತ, ಇಂಗ್ಲೆಂಡ್ ಟೆಸ್ಟಿನ ಮೊದಲ ದಿನದ ಟಿಕೆಟ್ ಸಿಕ್ಕಿತ್ತು. ಮೋಡ ಕವಿದ ಬೆಳಿಗ್ಗೆ, ಚೆಂಡು ಎರಡೂ ಕಡೆ ಹೊರಳುತ್ತಿತ್ತು. ಅಂಥದ್ದರಲ್ಲಿ ಗಂಗೂಲಿ ಟಾಸ್ ಗೆದ್ದು ಬ್ಯಾಟಿಂಗ್ ತಗೊಂಡರು. ದ್ರಾವಿಡ್ ಆಡಿದ 148 ರನ್ ಇದೆಯಲ್ಲ, ಅದರ ಒಂದೊಂದು ಗಂಟೆಯೂ ನನಗೆ ನೆನಪಿದೆ. ಮೈಗೆ ಏಟು ಬೀಳುತ್ತಿತ್ತು. ಮನುಷ್ಯ ಕದಲಲಿಲ್ಲ. ಜೊತೆಗೆ ಬಂಗಾರ್ 68. ಆಮೇಲೆ ಸಚಿನ್ 193, ಗಂಗೂಲಿ 128. ಭಾರತ 8 ವಿಕೆಟಿಗೆ 628. ಎರಡೂ ಇನ್ನಿಂಗ್ಸ್ ಸೇರಿ ಕುಂಬ್ಳೆಗೆ 7 ವಿಕೆಟ್. ಇನ್ನಿಂಗ್ಸ್ ಮತ್ತು 46 ರನ್‌ಗಳ ಗೆಲುವು. ಸಚಿನ್ 193 ಹೊಡೆದರೂ ಪಂದ್ಯಶ್ರೇಷ್ಠ ದ್ರಾವಿಡ್. ಅದೇ ನ್ಯಾಯ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಪಕ್ಕದಲ್ಲಿ ಕುಳಿತಿದ್ದ ಯಾರ್ಕ್‌ಷೈರ್ ಅಜ್ಜ ಸಂಜೆ ಎದ್ದು ನಿಂತು, ಏನೂ ಮಾತಾಡದೆ ನನ್ನ ಕೈ ಕುಲುಕಿದರು. ಇಲ್ಲಿನವರಿಗೆ ಕಷ್ಟದ ಬ್ಯಾಟಿಂಗ್ ಅಂದರೆ ಬಹಳ ಪ್ರೀತಿ.

2025ರ ಜೂನ್‌ನಲ್ಲೂ ಹೋಗಿದ್ದೆ. ರಾಹುಲ್ 137 ಹೊಡೆದರು, ಭಾರತದ ಕಡೆ ಒಟ್ಟು ಐದು ಶತಕ ಬಂತು, ಆದರೂ ಇಂಗ್ಲೆಂಡ್ 371 ರನ್ ಬೆನ್ನಟ್ಟಿ ಗೆದ್ದಿತು. ಡಕೆಟ್ 149. ಎಷ್ಟೋ ವರ್ಷ ಕಾದು ತಂಡಕ್ಕೆ ಮರಳಿದ ಕರುಣ್ ನಾಯರ್ ಮೊದಲ ಇನ್ನಿಂಗ್ಸ್‌ನಲ್ಲಿ ಸೊನ್ನೆಗೆ ಔಟಾದಾಗ ಹೊಟ್ಟೆ ಉರಿಯಿತು.

ಕಹಿಯನ್ನೂ ಹೇಳಬೇಕು. ಯಾರ್ಕ್‌ಷೈರ್‌ನಲ್ಲಿ ಹುಟ್ಟಿದವರಿಗೆ ಮಾತ್ರ ಈ ಕೌಂಟಿಯ ತಂಡದಲ್ಲಿ ಜಾಗ ಅನ್ನುವ ಪದ್ಧತಿ ತುಂಬಾ ಕಾಲ ಇತ್ತು. 1992ರಲ್ಲಿ ಸಚಿನ್ ಇಲ್ಲಿನ ಮೊದಲ ವಿದೇಶಿ ಆಟಗಾರನಾಗಿ ಬಂದರು. ಆದರೆ ಬಾಗಿಲು ತೆಗೆದರೂ ಒಳಗಿನ ಮಾತು ಬದಲಾಗಲಿಲ್ಲ. 2021ರ ನವೆಂಬರ್‌ನಲ್ಲಿ, ಈ ತಂಡಕ್ಕೆ ಆಡಿದ್ದ ಅಜೀಂ ರಫೀಕ್ ಸಂಸತ್ತಿನ ಸಮಿತಿಯ ಮುಂದೆ ಕುಳಿತು ತಾನು ಅನುಭವಿಸಿದ ಜನಾಂಗ ನಿಂದನೆಯನ್ನು ಹೇಳಿದರು. ನನ್ನ ಮಗ ಆಗ ಹದಿಮೂರು ವರ್ಷದವನು, ಕ್ಲಬ್ ಕ್ರಿಕೆಟ್ ಆಡುತ್ತಿದ್ದ. ಇಬ್ಬರೂ ಒಟ್ಟಿಗೆ ಕುಳಿತು ಕೇಳಿದೆವು. ಅವನು ಕೇಳಿದ ಪ್ರಶ್ನೆಗಳಿಗೆ ಉತ್ತರ ಕೊಡೋದು ಕಷ್ಟವಾಯ್ತು. ನಾನು ಪ್ರೀತಿಸುವ ಮೈದಾನ ಅದು, ಅದಕ್ಕೇ ಹೇಳುತ್ತಿದ್ದೇನೆ.

ಗಿರಣಿಯ ಎಳೆಗೆ ನನ್ನದೊಂದು ಸೇರಿಸುತ್ತೇನೆ. ವೇಕ್‌ಫೀಲ್ಡ್ ಸುತ್ತ ರೂಬಾರ್ಬ್ ಬೆಳೆಯುತ್ತಾರೆ. ಕೆಂಪು ದಂಟು, ಹುಳಿ ಅಂದರೆ ಹುಳಿ, ನಮ್ಮ ಪುಂಡಿಪಲ್ಯ ನೆನಪಾಗುತ್ತೆ. ಚಳಿಗಾಲದಲ್ಲಿ ಕತ್ತಲೆ ಶೆಡ್ಡಿನೊಳಗೆ ಬೆಳೆಸಿ, ಮೇಣದ ಬತ್ತಿ ಬೆಳಕಿನಲ್ಲಿ ಕೀಳುತ್ತಾರೆ. ಬೆಳಕು ಬಿದ್ದರೆ ದಂಟಿನ ನವಿರು ಹೋಗುತ್ತೆ. ಆ ಹೊಲಗಳಿಗೆ ಗೊಬ್ಬರವಾಗಿ ಹಾಕುತ್ತಿದ್ದದ್ದು ಉಣ್ಣೆ ಗಿರಣಿಯ ಕಸ! ಉಣ್ಣೆ ನಿಧಾನವಾಗಿ ಕೊಳೆತು ಸಾರಜನಕ ಕೊಡುತ್ತಿತ್ತು. ಶೆಡ್ ಬಿಸಿ ಮಾಡೋಕೆ ಪಕ್ಕದ ಗಣಿಯ ಕಲ್ಲಿದ್ದಲು. ದಂಟನ್ನು ಸಕ್ಕರೆ ಜೊತೆ ಬೇಯಿಸಿ ತಿನ್ನುತ್ತಾರೆ. ನನ್ನ ಹೆಂಡತಿ ಬೆಲ್ಲ, ಮೆಣಸಿನಕಾಯಿ ಹಾಕಿ ಗೊಜ್ಜು ಮಾಡುತ್ತಾಳೆ. ಮಾಡಿ ನೋಡಿ.

ಹೇರ್‌ಹಿಲ್ಸ್ ಮನೆ

ನಾನು ಜಾಸ್ತಿ ಬರೆಯುವವಳಲ್ಲ. ಆದರೆ ನಮ್ಮ ಬೀದಿ ಬಗ್ಗೆ ಹೇಳಬೇಕು ಅನ್ನಿಸಿತು. ನಾವಿರೋದು ಬೆನ್ನಿಗೆ ಬೆನ್ನು ಹಚ್ಚಿದ ಮನೆಯಲ್ಲಿ. ಮೂರು ಕಡೆ ಗೋಡೆ ಬೇರೆಯವರ ಜೊತೆ, ಒಂದೇ ಕಡೆ ಬಾಗಿಲು, ಕಿಟಕಿ. ಹಿತ್ತಿಲು ಇಲ್ಲ. 1909ರಲ್ಲೇ ಕಾನೂನು ಬೇಡ ಅಂದರೂ ಲೀಡ್ಸ್‌ನಲ್ಲಿ 1930ರ ದಶಕದ ತನಕ ಇಂಥವನ್ನು ಕಟ್ಟಿದ್ದಾರೆ. ಹಿತ್ತಿಲು ಇಲ್ಲದ್ದಕ್ಕೆ ಬಟ್ಟೆಯನ್ನು ಬೀದಿಗೆ ಅಡ್ಡ ಹಗ್ಗ ಕಟ್ಟಿ ಒಣಗಿಸುತ್ತೇವೆ. ಎದುರು ಮನೆಯವರು ರೊಮೇನಿಯಾದವರು, ಪಕ್ಕದವರು ಬಾಂಗ್ಲಾದೇಶದ ಸಿಲ್ಹೆಟ್‌ನವರು. ಮಳೆ ಹನಿ ಬಿದ್ದರೆ ಯಾರು ಮನೆಯಲ್ಲಿದ್ದಾರೋ ಅವರು ಎಲ್ಲರ ಬಟ್ಟೆಯನ್ನೂ ತೆಗೆದಿಡುತ್ತಾರೆ. ಹೋದ ಚಳಿಗಾಲದಲ್ಲಿ ನನಗೆ ಹೆರಿಗೆ ಆದಾಗ ಹದಿನೈದು ದಿನ ಬಾಗಿಲ ಹತ್ತಿರ ಯಾರೋ ಒಬ್ಬರು ಊಟ ಇಟ್ಟು ಹೋಗುತ್ತಿದ್ದರು.

ಬಸ್ಸಿನ ವಿಷಯ ಕೂಡ. ಇಷ್ಟು ದೊಡ್ಡ ಊರಿಗೆ ಟ್ರಾಮ್ ಇಲ್ಲ, ಮೆಟ್ರೊ ಇಲ್ಲ. ಇದ್ದ ಟ್ರಾಮನ್ನೂ 1959ರಲ್ಲಿ ನಿಲ್ಲಿಸಿದರು. ಬಸ್ ತಡವಾಗಿ ಬರುತ್ತೆ, ಕೆಲವು ಸಲ ಬರೋದೇ ಇಲ್ಲ. ಮಗು ಎತ್ತಿಕೊಂಡು ಚಳಿಯಲ್ಲಿ ನಲವತ್ತು ನಿಮಿಷ ನಿಂತಿದ್ದೇನೆ, ಅಳು ಬಂದಿದೆ. ಆದರೂ ಇಳಿಯುವಾಗ ಎಲ್ಲರೂ ಡ್ರೈವರ್‌ಗೆ ಥ್ಯಾಂಕ್ಸ್ ಹೇಳುತ್ತಾರೆ. ಅವರು, ಆಯ್ತು ಲವ್ ಅನ್ನುತ್ತಾರೆ. ಇಲ್ಲಿ ಲವ್ ಅಂದರೆ ನಮ್ಮ ಕಡೆ ಅವ್ವಾ, ತಾಯಿ ಅಂತ ಕರೆದ ಹಾಗೆ.

ದಾವಣಗೆರೆಯಿಂದಲೇ

ಮಂಡಿಪೇಟೆ ಹುಡುಗನಿಗೆ ನಮಸ್ಕಾರ. ನಮ್ಮಜ್ಜನೂ ಮಿಲ್ಲಿನವರೇ. ಕರ್ನಾಟಕದ ಮ್ಯಾಂಚೆಸ್ಟರ್ ಅಂತ ನಮ್ಮೂರನ್ನು ಕರೆಯುತ್ತಿದ್ದರು, ಈಗ ಆ ಹೆಸರು ಭಾಷಣದಲ್ಲಿ ಮಾತ್ರ. ಮಿಲ್ಲು ಹೋದರೂ ಮಂಡಕ್ಕಿ ಮಿರ್ಚಿ ಹೋಗಿಲ್ಲ. ಸಂಜೆ ಐದೂವರೆ ಆರಕ್ಕೆ ಇವತ್ತಿಗೂ ಅಂಗಡಿ ಮುಂದೆ ಜನ. ಪಾಳಿ ಬಿಟ್ಟು ಬಂದವರ ಹಸಿವಿನ ಹೊತ್ತು ಅದು ಅಂತ ನಾನು ಯಾವತ್ತೂ ಯೋಚನೆ ಮಾಡಿರಲಿಲ್ಲ. ಇವತ್ತು ಓದಿ ಮೈ ಜುಮ್ಮೆಂದಿತು.

ಬ್ರಾಡ್‌ಫರ್ಡ್ ಅಕ್ಕ

ಅಯ್ಯೋ, ಎಷ್ಟು ಚೆನ್ನಾಗಿ ಬರೆದಿದ್ದೀರಿ ಎಲ್ಲರೂ. ನಮ್ಮ ಬ್ರಾಡ್‌ಫರ್ಡ್‌ನ ಕರಿ ಅಂಗಡಿಗಳೂ (ಮಸಾಲೆ ಸಾರಿನ ಊಟದ ಅಂಗಡಿಗಳು) ಅಷ್ಟೇ. ಪಾಕಿಸ್ತಾನದ ಕಡೆಯ ಕಾಶ್ಮೀರದ ಮೀರ್‌ಪುರದಿಂದ ಬಂದವರು ಉಣ್ಣೆ ಗಿರಣಿಯ ರಾತ್ರಿ ಪಾಳಿ ಮಾಡುತ್ತಿದ್ದರು. ಹೆಂಡತಿ ಮಕ್ಕಳು ಇನ್ನೂ ಊರಲ್ಲಿ. ಅವರಿಗಾಗಿ ಹುಟ್ಟಿದ ಊಟದ ಮನೆಗಳು. ಅದಕ್ಕೇ ಹಳೆ ಅಂಗಡಿಗಳಲ್ಲಿ ಇಂದಿಗೂ ಚಮಚ ಕೊಡಲ್ಲ, ಚಪಾತಿ ಕೊಡುತ್ತಾರೆ.

ಬ್ರಾಡ್‌ಫರ್ಡ್ ಪಕ್ಕದ ಸಾಲ್ಟೇರ್ ನೋಡಿಲ್ಲದವರು ಒಂದು ಶನಿವಾರ ಬನ್ನಿ. 1853ರಲ್ಲಿ ಟೈಟಸ್ ಸಾಲ್ಟ್ ಗಿರಣಿ ಶುರು ಮಾಡಿ, ಸುತ್ತ ಒಂದು ಊರನ್ನೇ ಕಟ್ಟಿದರು. ಶಾಲೆ, ಆಸ್ಪತ್ರೆ, ಚರ್ಚು, ಎಲ್ಲ ಇದೆ. ಹೆಂಡದಂಗಡಿ ಮಾತ್ರ ಕಟ್ಟಲಿಲ್ಲ. ಹೊಳೆಯ ಆಚೆ ಪಾರ್ಕಿನಲ್ಲಿ ಬೇಸಿಗೆಯಲ್ಲಿ ಕ್ರಿಕೆಟ್ ನಡೆಯುತ್ತೆ, ಟಿಕೆಟ್ ಇಲ್ಲ, ಹುಲ್ಲಿನ ಮೇಲೆ ಕೂತು ನೋಡಬಹುದು. ಜಿಮ್ ಲೇಕರ್ ಆಡಿದ ಕ್ಲಬ್ಬು ಅದು. ಹೌದು, ಒಂದೇ ಟೆಸ್ಟಿನಲ್ಲಿ 19 ವಿಕೆಟ್ ತೆಗೆದವರು. ಮೊದಲೆಲ್ಲ ಕ್ಲಬ್ ಪಂದ್ಯಗಳ ನಡುವೆ ಆಟಗಾರರ ಮನೆಯವರೇ ಟೀ ಮಾಡುತ್ತಿದ್ದರು. ಸ್ಯಾಂಡ್‌ವಿಚ್, ಕೇಕ್, ದೊಡ್ಡ ಕೆಟಲ್ ಚಹಾ. ಕೋವಿಡ್ ಸಮಯದಲ್ಲಿ ನಿಂತಿತು, ಎಷ್ಟೋ ಕಡೆ ಮತ್ತೆ ಶುರು ಆಗಲೇ ಇಲ್ಲ. ಅದು ನನಗೆ ನಿಜವಾಗಿ ದುಃಖದ ವಿಷಯ. ಎರಡೂ ತಂಡ ಒಂದೇ ಮೇಜಿನಲ್ಲಿ ಕೂತು ತಿನ್ನುತ್ತಿತ್ತು.

ಹೊಸ ವಿದ್ಯಾರ್ಥಿ (ಲೀಡ್ಸ್, ಹುಬ್ಬಳ್ಳಿ ಕಡೆ)

ಅಕ್ಕಾ, ನಿಮ್ಮ ಮಾತು ಓದಿ ನಿನ್ನೆ ಬೇರೆ ಅಂಗಡಿಗೆ ಹೋಗಿ ಕೇಳಿದೆ. ಸಸ್ಯದ ಎಣ್ಣೆ, ಚಿಪ್ಸ್‌ಗೆ ಬೇರೆ ಬಾಣಲೆ ಅಂದರು. ಅಜ್ಜಿಯೊಬ್ಬರು ಒಳಗೆ ಕರೆದು ತೋರಿಸಿದರು. ಬಟಾಣಿ ಹಾಕಿಸಿಕೊಂಡು ತಿಂದೆ. ರಾತ್ರಿ ಅವ್ವನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಆಕೆ ಬೈಯಲಿಲ್ಲ. ಹೊಟ್ಟೆ ತುಂಬ ತಿಂತೀಯೋ ಇಲ್ವೋ ಅಷ್ಟು ಹೇಳು ಅಂದಳು.

ಮೂರೂಮುಕ್ಕಾಲಿಗೇ ಕತ್ತಲಾಗೋಕೆ ಶುರುವಾಗಿದೆ. ಶನಿವಾರ ರೂಮಿನಲ್ಲಿ ಒಬ್ಬನೇ ಕೂತರೆ ಊರು ಜಾಸ್ತಿ ನೆನಪಾಗುತ್ತೆ. ಅಣ್ಣಾ, ಆ ಮುನ್ನೂರು ಜನರ ಮೈದಾನ ಯಾವುದು?

ಮಂಡಿಪೇಟೆ ಹುಡುಗ (ಲೀಡ್ಸ್)

ಗೈಸ್ಲಿ. ಸ್ಟೇಷನ್ನಿಂದ ರೈಲಿದೆ, ಹತ್ತಿಪ್ಪತ್ತು ನಿಮಿಷ. ಎರಡು ಗಂಟೆಗೆ ಸ್ಟೇಷನ್ ಗಡಿಯಾರದ ಕೆಳಗೆ ಇರು. ದಪ್ಪ ಸಾಕ್ಸ್ ಎರಡು ಜೊತೆ ಹಾಕ್ಕೊ, ಕಾಂಕ್ರೀಟ್ ಮೇಲೆ ನಿಂತು ನೋಡಬೇಕು. 1928ರಲ್ಲಿ ಹ್ಯಾರಿ ರಾಮ್ಸ್‌ಡೆನ್ ಮರದ ಗುಡಿಸಲಿನಲ್ಲಿ ಮೀನು ಚಿಪ್ಸ್ ಅಂಗಡಿ ಇಟ್ಟ ಊರು ಅದೇ. ಜಾಗ ತೋರಿಸುತ್ತೇನೆ.

ಬ್ರಾಡ್‌ಫರ್ಡ್ ಅಕ್ಕ

ಗೈಸ್ಲಿಯಿಂದ ನಮ್ಮ ಮನೆಗೆ ಒಂದೇ ಬಸ್ಸು. ಆಟ ಮುಗಿಸಿ ಇಬ್ಬರೂ ಇಲ್ಲಿಗೇ ಟೀಗೆ ಬನ್ನಿ, ಆರು ಗಂಟೆಗೆ. ಜೋಳದ ರೊಟ್ಟಿ, ಎಣ್ಣೆಗಾಯಿ. ತಮ್ಮಾ, ನೀನು ಬರುವಾಗ ಏನೂ ತಿನ್ನದೆ ಬಾ.